ರಿಪ್ಲೇಸಾ, ಮರ್ಜಾ? ಲೆಸ್ ಪಾಲ್ ಕಥೆ

ಕಳೆದ ರಾಜ್ಯೋತ್ಸವಕ್ಕೆ ನಾಲ್ಕು ದಿನ ಇದ್ದಾಗ ನಮ್ಮ ಕೊಳಲು ಕಾಣೆಯಾಯಿತು. ನಿಜವಾದ ಕೊಳಲಲ್ಲ, ಮಿಡಿ ಕೀಬೋರ್ಡಿನಲ್ಲಿ ನುಡಿಸಿದ್ದು. ಸಂಘದ ಆಡಿಯೋ ತಂಡ ಅಂದರೆ ನಾವು ನಾಲ್ಕೇ ಜನ, ಒಂದು ಲ್ಯಾಪ್‌ಟಾಪ್, ಎರಡು ಸಪ್ತಕದ ಒಂದು ಪುಟ್ಟ ಕೀಬೋರ್ಡು. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಒಂದೂವರೆವರೆಗೆ ಕೂತು, ನೃತ್ಯಕ್ಕೆ ಮುಂಚೆ ಬರೋ ಕೊಳಲಿನ ತುಣುಕು ಮುಗಿಸಿದ್ದೆವು. ಗಮಕ ಬರಲಿ ಅಂತ ಎಡಗೈಯಲ್ಲಿ ಪಿಚ್ ಚಕ್ರ ತಿರುಗಿಸಿ ತಿರುಗಿಸಿ, ಎಷ್ಟನೇ ಸಲಕ್ಕೋ ಒಮ್ಮೆ ಸರಿಯಾಗಿ ಕೂತಿತ್ತು. ಆಮೇಲೆ ಕೊನೆಯಲ್ಲಿ ಇನ್ನೆರಡು ಸ್ವರ ಸೇರಿಸೋಣ ಅನ್ನಿಸಿತು. ಹಾಡನ್ನ ಶುರುವಿನಿಂದ ಓಡಿಸಿ ರೆಕಾರ್ಡ್ ಒತ್ತಿದೆವು. ಮೃದಂಗದ ಟ್ರ್ಯಾಕ್ ಮಾತ್ರ ಜೋರಾಗಿ ಇಟ್ಟುಕೊಂಡಿದ್ದರಿಂದ ಏನಾಗ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ರೆಕಾರ್ಡಿಂಗ್ ಮೋಡ್ ರಿಪ್ಲೇಸ್‌ನಲ್ಲಿತ್ತು. ಸೇವ್ ಮಾಡಿ, ಮುಚ್ಚಿ, ಮಲಗಿದೆವು. ಬೆಳಿಗ್ಗೆ ತೆರೆದರೆ ಟ್ರ್ಯಾಕಿನ ತುದಿಯಲ್ಲಿ ಎರಡು ಸ್ವರ, ಅದರ ಹಿಂದೆಲ್ಲ ಬಯಲು. ಪ್ರಾಜೆಕ್ಟ್ ಮುಚ್ಚಿದ ಮೇಲೆ ಅನ್‌ಡೂ ಎಲ್ಲಿ ಬರಬೇಕು?

ತಪ್ಪು ನಮ್ಮದೇ. ಆದರೆ ಒಂದು ಮೆನುವಿನಲ್ಲಿ ಇಷ್ಟೊಂದು ಮೋಡ್ ಯಾಕಿವೆ, ಇವನ್ನೆಲ್ಲ ಯಾರು ಶುರು ಮಾಡಿದರು ಅಂತ ಹುಡುಕ್ತಾ ಹೋದಾಗ ಸಿಕ್ಕ ಮನುಷ್ಯನ ಬಗ್ಗೆ ಈ ಲೇಖನ. ಗಿಟಾರ್ ಹಿಡಿಯೋರಿಗೆಲ್ಲ ಅವರ ಹೆಸರು ಗೊತ್ತು, ಲೆಸ್ ಪಾಲ್. ಅದು ಗಿಟಾರಿನ ಮಾಡೆಲ್ ಹೆಸರು ಮಾತ್ರ ಅಂದುಕೊಂಡಿದ್ದವರು ನಮ್ಮಲ್ಲೇ ಇಬ್ಬರಿದ್ದರು.

ಅವರ ಪೂರ್ತಿ ಹೆಸರು ಲೆಸ್ಟರ್ ವಿಲಿಯಂ ಪೋಲ್ಸ್‌ಫಸ್. ಹುಟ್ಟಿದ್ದು 1915ರ ಜೂನ್ 9ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಊರಿನಲ್ಲಿ. ಮನೆಯಲ್ಲಿ ಅಮ್ಮನ ಪ್ಲೇಯರ್ ಪಿಯಾನೋ ಒಂದಿತ್ತು. ನೋಡದವರಿಗೆ ಹೇಳೋದಾದರೆ, ಅದು ತಾನೇ ನುಡಿಸಿಕೊಳ್ಳೋ ಪಿಯಾನೋ. ಉದ್ದನೆಯ ಕಾಗದದ ಸುರುಳಿಯಲ್ಲಿ ತೂತುಗಳಿರುತ್ತವೆ. ಸುರುಳಿ ಸುತ್ತುತ್ತಾ ಹೋದ ಹಾಗೆ ಯಾವ ತೂತು ಬಂತೋ ಆ ಕೀಲಿ ತಾನಾಗಿ ಒತ್ತಿಕೊಳ್ಳುತ್ತದೆ. ಎಡದ ತೂತು ಕೆಳಗಿನ ಸ್ವರ, ಬಲದ ತೂತು ಮೇಲಿನ ಸ್ವರ, ತೂತು ಉದ್ದ ಇದ್ದರೆ ಸ್ವರವೂ ಉದ್ದ. ಹುಡುಗ ಇದನ್ನ ನೋಡಿ ನೋಡಿ ಅರ್ಥ ಮಾಡಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಅಮ್ಮನ ಸುರುಳಿಗಳ ಮೇಲೆ ತಾನೇ ಹೊಸ ತೂತು ಕೊರೆದು, ಹಾಡಿನಲ್ಲಿ ಇಲ್ಲದ ಸ್ವರಗಳನ್ನ ಸೇರಿಸಿದ. ಸರಿ ಬರದಿದ್ದರೆ ತೂತಿಗೆ ಕಾಗದ ಅಂಟಿಸಿ ಮುಚ್ಚಿದ.

ಮಿಡಿ ಬಳಸಿದವರಿಗೆ ಈಗ ಬೆಳಕಾಗಿರಬೇಕು. ನಮ್ಮ ಸಾಫ್ಟ್‌ವೇರ್‌ಗಳಲ್ಲಿ ಮಿಡಿ ಸ್ವರಗಳನ್ನ ತಿದ್ದೋ ಕಿಟಕಿಯ ಹೆಸರು ಇವತ್ತಿಗೂ ಪಿಯಾನೋ ರೋಲ್! ಮಿಡಿ ಬಂದಿದ್ದು 1983ರಲ್ಲಿ, ಆದರೆ ಅದರ ಒಳಗಿನ ಯೋಚನೆ ಈ ಕಾಗದದ ಸುರುಳಿಯದ್ದೇ. ಮಿಡಿ ಫೈಲಿನಲ್ಲಿ ಶಬ್ದ ಇರೋದಿಲ್ಲ. ಯಾವ ಕೀಲಿ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟಿದ್ದು, 0ಯಿಂದ 127ರ ಅಳತೆಯಲ್ಲಿ ಎಷ್ಟು ಜೋರಾಗಿ ಅನ್ನೋ ಸೂಚನೆಗಳಷ್ಟೇ. ಆ ಮಗು ಕಾಗದದಲ್ಲಿ ಮಾಡಿದ್ದು ಅಕ್ಷರಶಃ ಮಿಡಿ ಓವರ್‌ಡಬ್, ಅದೂ ಮರ್ಜ್ ಮೋಡಿನಲ್ಲಿ. ಹಳೆಯ ತೂತುಗಳು ಇದ್ದ ಹಾಗೇ ಇದ್ದವು, ಹೊಸವು ಅದರ ಜೊತೆ ಸೇರಿದವು. ಬೇಡವಾದದ್ದನ್ನ ಒಂದೊಂದಾಗಿ ಮುಚ್ಚುವ ಸೌಕರ್ಯ ಕೂಡ ಇತ್ತು. ತಮಾಷೆ ಏನಂದರೆ, ಇದೇ ಮನುಷ್ಯ ಮುಂದೆ ಶಬ್ದದ ಜೊತೆ ಕೆಲಸ ಮಾಡಲು ಹೋದಾಗ ಈ ಸೌಕರ್ಯ ಮತ್ತೆ ಸಿಗೋಕೆ ಮೂವತ್ತು ವರ್ಷದ ಮೇಲೇ ಹಿಡಿಯಿತು.

ಹುಡುಗ ಮೊದಲು ಹಿಡಿದದ್ದು ಹಾರ್ಮೋನಿಕಾ, ಆಮೇಲೆ ಗಿಟಾರು. ಎರಡನ್ನೂ ಒಟ್ಟಿಗೆ ನುಡಿಸಬೇಕಲ್ಲ, ಅದಕ್ಕೆ ಬಟ್ಟೆ ನೇತುಹಾಕೋ ತಂತಿ ಬಗ್ಗಿಸಿ ಕುತ್ತಿಗೆಗೆ ಹಾಕಿಕೊಳ್ಳೋ ಸ್ಟ್ಯಾಂಡ್ ಮಾಡಿಕೊಂಡ. ರಸ್ತೆ ಬದಿಯ ಒಂದು ತಿಂಡಿ ಅಂಗಡಿಯ ಮುಂದೆ ನುಡಿಸುವಾಗ ಗಿಟಾರು ದೂರದವರಿಗೆ ಕೇಳಿಸೋಲ್ಲ ಅಂತಾದಾಗ, ಗ್ರಾಮಫೋನಿನ ಪಿಕಪ್ಪನ್ನ ಗಿಟಾರಿಗೆ ಚುಚ್ಚಿ, ರೇಡಿಯೋವನ್ನೇ ಆಂಪ್ಲಿಫೈಯರ್ ಮಾಡಿದ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಬ್ಯಾಂಡುಗಳ ಜೊತೆ ಊರೂರು ಸುತ್ತಿದ. ಎಂಟು ಸೆಮಿಸ್ಟರ್ ಕೂತು ಸರ್ಕ್ಯೂಟ್ ಓದುತ್ತಿರೋ ನಮಗೆ ಇದನ್ನ ಬರೆಯೋವಾಗ ಸ್ವಲ್ಪ ಮುಜುಗರವಾಗ್ತದೆ, ಇರಲಿ.

1930ರ ದಶಕದಲ್ಲಿ ಷಿಕಾಗೋದ ರೇಡಿಯೋದಲ್ಲಿ ಅವರಿಗೆ ಎರಡು ಹೆಸರು. ರೂಬಾರ್ಬ್ ರೆಡ್ ಅನ್ನೋ ಹೆಸರಿನಲ್ಲಿ ಹಳ್ಳಿ ಹಾಡು, ಲೆಸ್ ಪಾಲ್ ಅನ್ನೋ ಹೆಸರಿನಲ್ಲಿ ಜಾಝ್. ಅಲ್ಲಿಂದ ನ್ಯೂಯಾರ್ಕಿಗೆ ಹೋದರು. 1940ರ ಹೊತ್ತಿಗೆ ಎಪಿಫೋನ್ ಗಿಟಾರ್ ಕಾರ್ಖಾನೆಯಲ್ಲಿ ಭಾನುವಾರಗಳಂದು, ಅಂದರೆ ಕೆಲಸದವರು ಇಲ್ಲದ ದಿನ, ನಾಲ್ಕಿಂಚು ದಪ್ಪದ ಪೈನ್ ಮರದ ತುಂಡಿಗೆ ತಂತಿ, ಪಿಕಪ್ ಜೋಡಿಸಿ ಒಂದು ಗಿಟಾರು ಮಾಡಿದರು. ಹೆಸರೇ ದಿಮ್ಮಿ. ಟೊಳ್ಳು ಗಿಟಾರಿನ ಹಾಗೆ ಅದು ಆಂಪ್ಲಿಫೈಯರ್ ಶಬ್ದಕ್ಕೆ ತಾನೂ ನಡುಗಿ ಕೂಗೋದಿಲ್ಲ, ತಂತಿಯ ಸದ್ದು ಬೇಗ ಸಾಯೋದೂ ಇಲ್ಲ. ಆದರೆ ಜನರಿಗೆ ಮರದ ತುಂಡು ನೋಡಿ ಹಿಡಿಸಲಿಲ್ಲ. ಎರಡು ಪಕ್ಕಕ್ಕೂ ಮಾಮೂಲಿ ಗಿಟಾರಿನ ಅರ್ಧರ್ಧ ಹೊಟ್ಟೆ ಅಂಟಿಸಿದ ಮೇಲೆ ಅದೇ ಶಬ್ದಕ್ಕೆ ಚಪ್ಪಾಳೆ ಬಿತ್ತು. ಗಿಬ್ಸನ್ ಕಂಪನಿಗೆ ತೋರಿಸಿದರು, ಅವರಿಗೆ ಬೇಕಾಗಲಿಲ್ಲ. ಬೇರೆ ಕಂಪನಿಯ ಗಟ್ಟಿ ಗಿಟಾರು ಮಾರುಕಟ್ಟೆಗೆ ಬಂದ ಮೇಲೆ ಅದೇ ಗಿಬ್ಸನ್ 1952ರಲ್ಲಿ ಲೆಸ್ ಪಾಲ್ ಹೆಸರಿನ ಗಿಟಾರು ಬಿಟ್ಟಿತು. ಅದರ ವಿನ್ಯಾಸದಲ್ಲಿ ಲೆಸ್ ಪಾಲ್ ಪಾಲೆಷ್ಟು ಅನ್ನೋ ಜಗಳ ಗಿಟಾರ್ ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ನಮಗೆ ಬೇಕಾದದ್ದು ಅದಲ್ಲ, ರೆಕಾರ್ಡಿಂಗು.

1943ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಆಗಿನ ದೊಡ್ಡ ಗಾಯಕ ಬಿಂಗ್ ಕ್ರಾಸ್ಬಿ ಜೊತೆ ನುಡಿಸಿದರು, 1945ರಲ್ಲಿ ಅವರಿಬ್ಬರ ಒಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಆದರೆ ಲೆಸ್ ಪಾಲ್ ಮನಸ್ಸು ಇದ್ದದ್ದು ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ. ಅಲ್ಲಿ ಕ್ಯಾಡಿಲಾಕ್ ಕಾರಿನ ಫ್ಲೈವೀಲ್ ತಂದು ಡಿಸ್ಕ್ ಕೊರೆಯೋ ಯಂತ್ರ ಮಾಡಿಕೊಂಡಿದ್ದರು. ಭಾರವಾದ ಚಕ್ರ ಒಂದೇ ವೇಗದಲ್ಲಿ ತಿರುಗ್ತದೆ, ವೇಗ ಏರಿಳಿದರೆ ಶ್ರುತಿ ಏರಿಳೀತದೆ. ಮೊದಲನೇ ವರ್ಷದ ಮೆಕ್ಯಾನಿಕ್ಸ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಅವರು ಮಾಡಿದ್ದು ಹೀಗೆ. ಒಂದು ಡಿಸ್ಕಿಗೆ ಗಿಟಾರು ನುಡಿಸಿ ಕೊರೆಯೋದು. ಆ ಡಿಸ್ಕನ್ನ ಓಡಿಸ್ತಾ, ಅದರ ಜೊತೆ ಎರಡನೇ ಗಿಟಾರು ನುಡಿಸಿ, ಎರಡನ್ನೂ ಸೇರಿಸಿ ಇನ್ನೊಂದು ಡಿಸ್ಕಿಗೆ ಕೊರೆಯೋದು. ಆಮೇಲೆ ಮೂರನೆಯದು. ಹೀಗೆ ಒಬ್ಬರೇ ಎಂಟು ಗಿಟಾರು ನುಡಿಸಿದ ಲವರ್ ಅನ್ನೋ ಹಾಡು 1948ರಲ್ಲಿ ಕ್ಯಾಪಿಟಲ್ ಕಂಪನಿಯಿಂದ ಬಂತು. ಕೆಲವು ಗಿಟಾರುಗಳನ್ನ ಅರ್ಧ ವೇಗದಲ್ಲಿ ಕೊರೆದು ಪೂರ್ತಿ ವೇಗದಲ್ಲಿ ಓಡಿಸಿದ್ದರಿಂದ ಅವು ಒಂದು ಸಪ್ತಕ ಮೇಲೆ, ಎರಡು ಪಟ್ಟು ವೇಗವಾಗಿ, ಮನುಷ್ಯ ಬೆರಳಿಗೆ ಆಗದ ಹಾಗೆ ಕೇಳಿಸ್ತವೆ. ಮಿಡಿಯಲ್ಲಿ ನಾವು ಕಷ್ಟದ ಜಾಗ ಬಂದರೆ ಟೆಂಪೋ ಇಳಿಸಿ ರೆಕಾರ್ಡ್ ಮಾಡ್ತೀವಲ್ಲ, ಅದೇ ಉಪಾಯ, ಶ್ರುತಿ ಬದಲಾಗೋಲ್ಲ ಅನ್ನೋದೊಂದೇ ವ್ಯತ್ಯಾಸ. ಓವರ್‌ಡಬ್ ಮಾಡಿದವರಲ್ಲಿ ಅವರು ಮೊದಲಿಗರೇನಲ್ಲ. 1941ರಲ್ಲೇ ಸಿಡ್ನಿ ಬೆಶೆ ಆರು ವಾದ್ಯಗಳನ್ನ ಒಬ್ಬರೇ ನುಡಿಸಿ ರೆಕಾರ್ಡ್ ತಂದಿದ್ದರು. ಲೆಸ್ ಪಾಲ್ ಅದನ್ನ ದಿನನಿತ್ಯದ ಕೆಲಸದ ವಿಧಾನವಾಗಿ ಮಾಡಿಕೊಂಡರು.

ಡಿಸ್ಕ್ ವಿಧಾನದ ಒಂದು ಗುಣ ಗಮನಿಸಿ, ಮುಂದೆ ಬೇಕಾಗ್ತದೆ. ಐದನೇ ಗಿಟಾರು ನುಡಿಸುವಾಗ ತಪ್ಪಿದರೆ ಹಾಳಾಗೋದು ಐದನೇ ಡಿಸ್ಕ್ ಮಾತ್ರ. ನಾಲ್ಕನೆಯದು ಪಕ್ಕದಲ್ಲಿ ಭದ್ರವಾಗಿರ್ತದೆ. ಹೊಸ ಡಿಸ್ಕ್ ಹಾಕಿ ಮತ್ತೆ ಶುರು ಮಾಡಬಹುದು. ಕ್ಯೂಬೇಸ್‌ನಂಥ ಸಾಫ್ಟ್‌ವೇರಿನಲ್ಲಿ ನ್ಯೂ ಪಾರ್ಟ್ಸ್ ಅನ್ನೋ ಮೋಡ್ ಇದೆ. ಪ್ರತಿ ಸಲ ರೆಕಾರ್ಡ್ ಒತ್ತಿದಾಗಲೂ ಹಳೆಯದನ್ನ ಮುಟ್ಟದೆ ಹೊಸ ತುಂಡು ಮಾಡ್ತದೆ. ಗುಣ ಅದೇ. ಖರ್ಚು ಡಿಸ್ಕಿನದ್ದು. ಲವರ್ ಮಾಡುವಾಗ ಸುಮಾರು ಐನೂರು ಡಿಸ್ಕ್ ಹಾಳಾದವು ಅನ್ನೋ ಮಾತಿದೆ.

ಅದೇ 1948ರ ಜನವರಿಯಲ್ಲಿ ಓಕ್ಲಹೋಮಾದಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಅವರ ಕಾರು ಜಾರಿ ಸೇತುವೆಯಿಂದ ಕೆಳಗೆ ಬಿತ್ತು. ಓಡಿಸ್ತಿದ್ದವರು ಜೊತೆಗಾರ್ತಿ ಗಾಯಕಿ ಕೊಲೀನ್ ಸಮ್ಮರ್ಸ್. ಲೆಸ್ ಪಾಲ್ ಅವರ ಬಲ ಮೊಣಕೈ ಚೂರುಚೂರಾಯಿತು. ಕೈ ಮತ್ತೆ ಮಡಚೋಕೆ ಆಗೋದಿಲ್ಲ, ಯಾವ ಕೋನದಲ್ಲಿ ಕೂರಿಸಿದರೆ ಜೀವನಪೂರ್ತಿ ಅದೇ ಕೋನ ಅಂತ ವೈದ್ಯರು ತಿಳಿಸಿದಾಗ, ಗಿಟಾರು ತಬ್ಬಿ ಹಿಡಿದು ತಂತಿ ಮೀಟೋಕೆ ಬರೋ ಹಾಗೆ ಕೂರಿಸಿ ಅಂತ ಅವರೇ ಹೇಳಿ ಮಾಡಿಸಿಕೊಂಡರು. ಗುಣವಾಗೋಕೆ ಒಂದೂವರೆ ವರ್ಷ ಹಿಡಿಯಿತು. ಮುಂದಿನ ಅರವತ್ತು ವರ್ಷ ಆ ಮಡಚಿದ ಕೈಯಲ್ಲೇ ನುಡಿಸಿದರು. ನಾವು ಇದನ್ನ ಓದಿದಾಗ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಕೊಳಲಿನ ದುಃಖ ಸ್ವಲ್ಪ ಚಿಕ್ಕದಾಯಿತು.

ಕೊಲೀನ್ ಸಮ್ಮರ್ಸ್‌ಗೆ ಲೆಸ್ ಪಾಲ್ ಇಟ್ಟ ವೇದಿಕೆ ಹೆಸರು ಮೇರಿ ಫೋರ್ಡ್. 1949ರ ಡಿಸೆಂಬರ್‌ನಲ್ಲಿ ಇಬ್ಬರೂ ಮದುವೆಯಾದರು. ಅದೇ ವರ್ಷ ಬಿಂಗ್ ಕ್ರಾಸ್ಬಿ ಒಂದು ಉಡುಗೊರೆ ತಂದುಕೊಟ್ಟರು. ಆಂಪೆಕ್ಸ್ ಕಂಪನಿಯ ಟೇಪ್ ರೆಕಾರ್ಡರ್. ಆಗ ಅದು ಹೊಚ್ಚ ಹೊಸ ವಸ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆ ರೆಕಾರ್ಡರಿನಲ್ಲಿ ಟೇಪು ಎಡದಿಂದ ಬಲಕ್ಕೆ ಓಡುವಾಗ ಮೂರು ಹೆಡ್ ದಾಟುತ್ತದೆ. ಮೊದಲನೆಯದು ಎರೇಸ್ ಹೆಡ್, ಹಳೆಯದನ್ನೆಲ್ಲ ಅಳಿಸ್ತದೆ. ಎರಡನೆಯದು ರೆಕಾರ್ಡ್ ಹೆಡ್, ಹೊಸದನ್ನ ಬರೀತದೆ. ಮೂರನೆಯದು ಪ್ಲೇಬ್ಯಾಕ್ ಹೆಡ್, ಬರೆದದ್ದನ್ನ ಕೇಳಿಸ್ತದೆ. ಅಂದರೆ ರೆಕಾರ್ಡ್ ಗುಂಡಿ ಒತ್ತಿದ ಟೇಪ್ ರೆಕಾರ್ಡರ್ ಹುಟ್ಟಿನಿಂದಲೇ ರಿಪ್ಲೇಸ್ ಮೋಡಿನಲ್ಲಿರ್ತದೆ. ನಮ್ಮ ಕೊಳಲಿಗೆ ಆದದ್ದು ಇದೇ, ಎರೇಸ್ ಹೆಡ್ ಮುಂದೆ ಹೋಯಿತು.

ಲೆಸ್ ಪಾಲ್ ಇನ್ನೊಂದು ಹೆಡ್ ತರಿಸಿ, ಅದನ್ನ ಎರೇಸ್ ಹೆಡ್‌ಗಿಂತ ಮುಂಚೆ ಕೂರಿಸಿದರು. ಅಷ್ಟೇ. ಈಗ ಏನಾಗ್ತದೆ? ಟೇಪಿನಲ್ಲಿದ್ದ ಹಳೆಯ ಗಿಟಾರನ್ನ ಹೊಸ ಹೆಡ್ ಓದ್ತದೆ. ಆ ಶಬ್ದ ಹೆಡ್‌ಫೋನಿಗೂ ಹೋಗ್ತದೆ, ಮಿಕ್ಸರಿಗೂ ಹೋಗ್ತದೆ. ಒಂದು ಕ್ಷಣದಲ್ಲಿ ಟೇಪು ಎರೇಸ್ ಹೆಡ್ ದಾಟಿ ಖಾಲಿಯಾಗ್ತದೆ. ಮುಂದಿನ ಕ್ಷಣ ರೆಕಾರ್ಡ್ ಹೆಡ್ಡು ಹಳೆಯ ಗಿಟಾರು, ಈಗ ನುಡಿಸ್ತಿರೋ ಹೊಸ ಗಿಟಾರು ಎರಡರ ಮಿಶ್ರಣವನ್ನ ಅದೇ ಟೇಪಿಗೆ ಬರೀತದೆ. ಒಂದೇ ಒಂದು ಹೆಚ್ಚಿನ ಹೆಡ್ಡು ರಿಪ್ಲೇಸ್ ಯಂತ್ರವನ್ನ ಮರ್ಜ್ ಯಂತ್ರ ಮಾಡಿತು. ಇದಕ್ಕೆ ಸೌಂಡ್ ಆನ್ ಸೌಂಡ್ ಅಂತ ಹೆಸರು.

ಆದರೆ ಬೆಲೆ ನೋಡಿ. ಹಳೆಯ ಟೇಪು ಈಗ ಇಲ್ಲ. ಹನ್ನೊಂದು ಪದರ ಚೆನ್ನಾಗಿ ಬಂದು ಹನ್ನೆರಡನೆಯದರಲ್ಲಿ ಒಂದು ತಂತಿ ತಪ್ಪಿದರೆ, ಹನ್ನೊಂದೂ ಹೋದವು. ಮತ್ತೆ ಸೊನ್ನೆಯಿಂದ. ಡಿಸ್ಕ್ ಕಾಲದಲ್ಲಿ ಅವರಿಗಿದ್ದ ಭದ್ರತೆಯನ್ನ ಬೇಕಂತಲೇ ಬಿಟ್ಟುಕೊಟ್ಟರು. ಯಾಕೆ? ಡಿಸ್ಕ್ ಕೊರೆಯೋ ಯಂತ್ರ ಗ್ಯಾರೇಜು ಬಿಟ್ಟು ಕದಲೋದಿಲ್ಲ. ಒಂದು ಟೇಪ್ ಯಂತ್ರವಾದರೆ ಕಾರಿನಲ್ಲಿ ಹಾಕಿಕೊಂಡು ಹೋಗಬಹುದು. ಗಂಡ ಹೆಂಡತಿ ಇಬ್ಬರೂ ಊರೂರು ಕಾರ್ಯಕ್ರಮ ಕೊಡ್ತಾ, ಹೋಟೆಲ್ ರೂಮುಗಳಲ್ಲಿ ಕೂತು ರೆಕಾರ್ಡ್ ಮಾಡಬಹುದು. ಮೋಡ್ ಆರಿಸೋದು ಅಂದರೆ ಬರೀ ಯಾವುದು ಸುರಕ್ಷಿತ ಅನ್ನೋ ಪ್ರಶ್ನೆಯಲ್ಲ ಅಂತ ನಮಗೆ ಅನ್ನಿಸಿದ್ದು ಇಲ್ಲಿ. ಏನು ಕೊಟ್ಟು ಏನು ತಗೋತೀವಿ ಅನ್ನೋ ವ್ಯಾಪಾರ ಅದು.

ಆ ಅಪಾಯ ಅವರ ಕೆಲಸದ ಕ್ರಮವನ್ನೇ ಬದಲಿಸಿತು. ಪ್ರತಿ ಪದರಕ್ಕೂ ಹಳೆಯ ಶಬ್ದ ಒಮ್ಮೆ ನಕಲಾಗ್ತದೆ, ಪ್ರತಿ ನಕಲಿಗೂ ಟೇಪಿನ ಉಸ್ ಅನ್ನೋ ಸದ್ದು ಸೇರ್ತದೆ. ಪ್ರತಿ ಸಲ ಒಂದೇ ಪ್ರಮಾಣದ ಸದ್ದು ಸೇರ್ತದೆ ಅಂದುಕೊಂಡರೆ, ಎಂಟನೇ ತಲೆಮಾರಿಗೆ ಅದರ ಪವರ್ ಎಂಟು ಪಟ್ಟು, ಅಂದರೆ ಸುಮಾರು 9 ಡೆಸಿಬಲ್ ಹೆಚ್ಚು. ಮೊದಲು ನುಡಿಸಿದ ಪದರ ಎಲ್ಲಕ್ಕಿಂತ ಹೆಚ್ಚು ಸಲ ನಕಲಾಗಿ ಎಲ್ಲಕ್ಕಿಂತ ಮಂಕಾಗಿರ್ತದೆ. ಹಾಗಾಗಿ ಅವರು ಹಾಡನ್ನ ತಲೆಕೆಳಗು ಕಟ್ಟಿದರು. ಯಾರೂ ಹೆಚ್ಚು ಗಮನಿಸದ ಹಿನ್ನೆಲೆಯ ಪದರಗಳು ಮೊದಲು, ಮುಖ್ಯ ದನಿ ಕೊನೆಗೆ. ನಾವೆಲ್ಲ ಮಾಡೋದು ಇದಕ್ಕೆ ಉಲ್ಟಾ, ಚೆಂದದ್ದನ್ನ ಮೊದಲು ಮಾಡಿ ಖುಷಿಪಡ್ತೀವಿ. ಅವರು ಇಡೀ ಹಾಡನ್ನ ಮೊದಲೇ ತಲೆಯಲ್ಲಿ ಮುಗಿಸಿಕೊಂಡಿರಬೇಕಿತ್ತು. ಮೂರನೇ ಪದರದ ಗಿಟಾರು ಎಷ್ಟು ಜೋರಿರಬೇಕು ಅಂತ, ಇನ್ನೂ ಹಾಡಿಲ್ಲದ ಕೊನೆಯ ದನಿಯನ್ನ ಊಹಿಸಿ ಅವತ್ತೇ ತೀರ್ಮಾನಿಸಬೇಕಿತ್ತು. ಆಮೇಲೆ ಫೇಡರ್ ಎಳೆದು ಸರಿಮಾಡೋಣ ಅನ್ನೋ ಮಾತೇ ಇಲ್ಲ.

ಇಲ್ಲಿ ಮೇರಿ ಫೋರ್ಡ್ ಬಗ್ಗೆ ಹೇಳದಿದ್ದರೆ ಅನ್ಯಾಯ. ಯಂತ್ರದ ಕಥೆ ಹೇಳೋವರೆಲ್ಲ ಅವರನ್ನ ಪಕ್ಕಕ್ಕೆ ಸರಿಸಿಬಿಡ್ತಾರೆ. ಆ ಹಾಡುಗಳಲ್ಲಿ ಕೇಳೋ ಮೂರು ನಾಲ್ಕು ಹೆಣ್ಣು ದನಿಗಳೆಲ್ಲ ಅವರೊಬ್ಬರದ್ದೇ. ತಮ್ಮದೇ ದನಿಗೆ ತಾವೇ ಜೊತೆ ಕೊಡೋವಾಗ ಉಸಿರು ತಗೊಳ್ಳೋ ಜಾಗ, ಅಕ್ಷರ ಮುಗಿಯೋ ಜಾಗ ಎಲ್ಲ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ತಪ್ಪಿದರೆ ತಮ್ಮದೊಂದೇ ಅಲ್ಲ, ಗಂಡನ ಗಿಟಾರುಗಳೂ ಹೋಗ್ತವೆ. ಮೈಕಿನಿಂದ ದೂರ ನಿಂತು ಹಾಡೋದು ಆಗಿನ ವಾಡಿಕೆ. ಇವರು ಮೈಕಿಗೆ ಕೆಲವೇ ಇಂಚು ಹತ್ತಿರ ನಿಂತು ಮೆಲ್ಲಗೆ ಹಾಡಿದರು. ಇವತ್ತಿನ ಎಲ್ಲ ರೆಕಾರ್ಡಿಂಗಿನಲ್ಲೂ ಕೇಳೋ ಕಿವಿ ಪಕ್ಕದ ಆ ದನಿ ಜನಕ್ಕೆ ಆಗ ಹೊಸದು.

1951ರಲ್ಲಿ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಪದರ ಪದರವಾಗಿ ಮಾಡಿದ ಹೌ ಹೈ ದ ಮೂನ್ ಬಂತು. ಲಾಗಾರ್ಡಿಯಾ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ. ಒಂದು ವಿಮಾನ ಮೇಲೆ ಹಾದುಹೋದರೆ ಸೌಂಡ್ ಆನ್ ಸೌಂಡ್‌ನಲ್ಲಿ ಏನಾಗ್ತದೆ ಅಂತ ಯೋಚಿಸಿ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ಹಾಡು ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1953ರ ವಾಯಾ ಕೋನ್ ದಿಯೋಸ್ ಹನ್ನೊಂದು ವಾರ. ರೆಕಾರ್ಡಿನಲ್ಲಿ ಕೇಳಿದ್ದನ್ನೇ ವೇದಿಕೆಯಲ್ಲೂ ಕೇಳಬೇಕು ಅಂತ ಜನ ಬರೋಕೆ ಶುರುವಾದಾಗ, ಮೇರಿ ಅವರ ಸೋದರಿ ಪರದೆ ಹಿಂದೆ ಕಾಣದ ಹಾಗೆ ನಿಂತು ಎರಡನೇ ದನಿ ಹಾಡ್ತಿದ್ದರು. ಕಾಲೇಜ್ ಫೆಸ್ಟಿನಲ್ಲಿ ಲ್ಯಾಪ್‌ಟಾಪಿನಿಂದ ಬ್ಯಾಕಿಂಗ್ ಟ್ರ್ಯಾಕ್ ಬಿಡೋ ನಮಗೆ ಇದು ತಮಾಷೆಯೂ ಹೌದು, ಸಮಾಧಾನವೂ ಹೌದು.

ಆದರೂ ಲೆಸ್ ಪಾಲ್ ತಲೆಯಲ್ಲಿ ಇದ್ದದ್ದು ಬೇರೆಯೇ. ಪ್ರತಿ ಪದರವೂ ಬೇರೆ ಬೇರೆ ಇರಬೇಕು, ಒಂದನ್ನ ಅಳಿಸಿದರೆ ಇನ್ನೊಂದಕ್ಕೆ ಏನೂ ಆಗಬಾರದು. ಒಂದೇ ಅಗಲದ ಟೇಪಿನ ಮೇಲೆ ಎಂಟು ಸಮಾನಾಂತರ ಟ್ರ್ಯಾಕು. ಇದರಲ್ಲಿ ಒಂದು ತೊಡಕಿದೆ. ಹಳೆಯ ಟ್ರ್ಯಾಕ್ ಕೇಳಿಸೋದು ಪ್ಲೇಬ್ಯಾಕ್ ಹೆಡ್ಡಿನಿಂದ, ಹೊಸದು ಬರೆಯೋದು ಅದಕ್ಕಿಂತ ಮುಂಚೆ ಇರೋ ರೆಕಾರ್ಡ್ ಹೆಡ್ಡಿನಿಂದ. ಎರಡರ ನಡುವೆ ಒಂದೂವರೆ ಇಂಚು ಅಂತರ, ಟೇಪಿನ ವೇಗ ಸೆಕೆಂಡಿಗೆ 15 ಇಂಚು ಅಂತ ಇಟ್ಟುಕೊಂಡರೆ ಹೊಸ ಪದರ ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆ ಬೀಳ್ತದೆ. ತಾಳ ಪೂರ್ತಿ ಕೆಟ್ಟಹಾಗೆ. ಇದೇ ವಿಳಂಬವನ್ನ ಲೆಸ್ ಪಾಲ್ ಪ್ರತಿಧ್ವನಿ ಪರಿಣಾಮಕ್ಕೆ ಬಳಸಿಕೊಂಡಿದ್ದರು, ಆದರೆ ಓವರ್‌ಡಬ್ಬಿಗೆ ಅದು ಶತ್ರು. ಪರಿಹಾರ ಏನಂದರೆ, ಹಳೆಯ ಟ್ರ್ಯಾಕುಗಳನ್ನೂ ರೆಕಾರ್ಡ್ ಹೆಡ್ಡಿನಿಂದಲೇ ಓದಿಸಿ ಕೇಳಿಸೋದು. ಆಗ ಕೇಳೋ ಜಾಗ, ಬರೆಯೋ ಜಾಗ ಎರಡೂ ಒಂದೇ ಗೆರೆಯಲ್ಲಿ. ಇದನ್ನ ಸೆಲ್ ಸಿಂಕ್ ಅಂತ ಕರೆದರು, ಆಂಪೆಕ್ಸಿನ ರಾಸ್ ಸ್ನೈಡರ್ ಅವರಿಗೆ ಇದರ ಶ್ರೇಯಸ್ಸು ಸಲ್ಲುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲಿ ಲೇಟೆನ್ಸಿ ಸರಿಪಡಿಸೋ ಆಯ್ಕೆ ಮಾಡೋದು ಇದೇ ಕೆಲಸ.

ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ನ್ಯೂಜೆರ್ಸಿಯ ಮಾವಾ ಊರಿನ ಅವರ ಮನೆಗೆ ಬಂತು. ಬೆಲೆ ಹತ್ತು ಸಾವಿರ ಡಾಲರ್, ಅಡ್ಡಹೆಸರು ಆಕ್ಟೋಪಸ್. ಅಮ್ಮನ ಪಿಯಾನೋ ಸುರುಳಿಯಲ್ಲಿ ಬೇಡದ ತೂತನ್ನ ಮಾತ್ರ ಮುಚ್ಚುತ್ತಿದ್ದ ಹುಡುಗನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಶಬ್ದದ ಮೇಲೂ ಅದೇ ಹಿಡಿತ ಸಿಕ್ಕಿತು. ಅಷ್ಟು ಹೊತ್ತಿಗೆ ಕಾಲ ಸರಿದಿತ್ತು. ರಾಕ್ ಅಂಡ್ ರೋಲ್ ಬಂದು ಅವರಿಬ್ಬರ ಹಾಡುಗಳು ಹಳೆಯದಾಗಿದ್ದವು. ಅವರ ದೊಡ್ಡ ಹಾಡುಗಳೆಲ್ಲ ಅಳಿಸಿ ಬರೆಯೋ ಯಂತ್ರದಲ್ಲಿ ಆದವು, ಆಕ್ಟೋಪಸ್ಸಿನಲ್ಲಿ ಆಗಲಿಲ್ಲ. ಅದು ಯಂತ್ರದ ತಪ್ಪು ಅಂತ ನಾವು ಹೇಳ್ತಿಲ್ಲ. 1964ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೇರಿ ಫೋರ್ಡ್ 1977ರಲ್ಲಿ ತೀರಿಕೊಂಡರು.

ಈಗ ನಮ್ಮ ಮೆನುವಿಗೆ ಬರೋಣ. ಹೆಸರು ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ಬದಲಾಗ್ತದೆ, ಒಳಗಿರೋದು ಇಷ್ಟೇ. ರಿಪ್ಲೇಸ್ ಅಂದರೆ ಮೂರೇ ಹೆಡ್ಡಿನ ಟೇಪು. ಮರ್ಜ್ ಅಥವಾ ಓವರ್‌ಡಬ್ ಅಂದರೆ ನಾಲ್ಕನೇ ಹೆಡ್ಡು ಹಾಕಿದ ಟೇಪು. ಹೊಸ ತುಂಡು, ಹೊಸ ಟೇಕು ಅಂದರೆ ಪಕ್ಕದಲ್ಲಿಟ್ಟ ಡಿಸ್ಕುಗಳು. ಇದರ ಜೊತೆ ರೀಪರ್‌ನಲ್ಲಿ ಟಚ್ ರಿಪ್ಲೇಸ್ ಅಂತ ಒಂದಿದೆ, ನೀವು ನುಡಿಸೋ ಹೊತ್ತಿನಲ್ಲಿ ಮಾತ್ರ ಹಳೆಯದು ಹೋಗ್ತದೆ, ಸುಮ್ಮನಿದ್ದಾಗ ಉಳೀತದೆ. ಆ ರಾತ್ರಿ ನಮ್ಮದು ಅದರಲ್ಲಿದ್ದಿದ್ದರೆ ಕೊಳಲು ಬದುಕ್ತಿತ್ತು.

ಹಾಗಾದರೆ ಯಾವಾಗಲೂ ಮರ್ಜ್ ಇಟ್ಟುಕೊಂಡರೆ ಸಾಕಲ್ವಾ ಅಂತ ನಾವೂ ಅಂದುಕೊಂಡೆವು. ಡ್ರಮ್ಮಿಗೆ ಸಾಕು. ಮೊದಲ ಸುತ್ತಿನಲ್ಲಿ ಕಿಕ್, ಎರಡನೆಯದರಲ್ಲಿ ಸ್ನೇರ್, ಮೂರರಲ್ಲಿ ಹೈಹ್ಯಾಟ್, ಲೂಪಿನ ಮೇಲೆ ಕೂತು ಪೇರಿಸ್ತಾ ಹೋಗೋಕೆ ಮರ್ಜ್‌ನಂಥದ್ದು ಇಲ್ಲ. ಕೊಳಲಿಗೆ ಅದು ಕೈಕೊಡ್ತದೆ. ಕಾರಣ ಪಿಚ್ ಬೆಂಡ್. ಮಿಡಿಯಲ್ಲಿ ಸ್ವರ ಒಂದೊಂದಾಗಿ ಇರ್ತದೆ, ಆದರೆ ಪಿಚ್ ಬೆಂಡ್ ಇಡೀ ಚಾನೆಲ್ಲಿಗೆ ಸೇರಿದ್ದು. ಮೊದಲ ಸಲ ಗಮಕಕ್ಕೆ ಚಕ್ರ ತಿರುಗಿಸಿದ್ದು ಟ್ರ್ಯಾಕಿನಲ್ಲಿ ಉಳಿದಿರ್ತದೆ. ಎರಡನೇ ಸಲ ಅದೇ ಚಾನೆಲ್ಲಿನಲ್ಲಿ ಜೊತೆ ಸ್ವರ ಸೇರಿಸಿದರೆ, ನೇರವಾಗಿ ನಿಲ್ಲಬೇಕಾದ ಆ ಸ್ವರವೂ ಹಳೆಯ ಗಮಕದ ಜೊತೆ ಅಲ್ಲಾಡ್ತದೆ. ಎರಡನೇ ಸಲವೂ ಚಕ್ರ ಮುಟ್ಟಿದಿರೋ, ಎರಡು ಸಲದ ಬೆಂಡ್ ಸಂದೇಶಗಳು ಹೆಣೆದುಕೊಂಡು ಸ್ವರ ಮೇಲೆ ಕೆಳಗೆ ಜಿಗಿಯೋಕೆ ಶುರು. ಸಸ್ಟೇನ್ ಪೆಡಲ್ಲಿನದೂ ಇದೇ ಗೋಳು. ಮಿಡಿ ಮರ್ಜ್‌ನಲ್ಲಿ ಸ್ವರಗಳನ್ನ ಆಮೇಲೆ ಒಂದೊಂದಾಗಿ ಅಳಿಸಬಹುದು ನಿಜ, ಆದರೆ ಈ ಬೆಂಡಿನಲ್ಲಿ ಯಾವುದು ಯಾವ ಸಲದ್ದು ಅಂತ ಬಿಡಿಸೋದು ಕಾಫಿಯಿಂದ ಹಾಲು ಬೇರೆ ಮಾಡಿದ ಹಾಗೆ. ಗಮಕ ಇರೋ ಯಾವುದೇ ಪದರಕ್ಕೆ ಹೊಸ ತುಂಡು ಅಥವಾ ಬೇರೆ ಟ್ರ್ಯಾಕು, ಬೇರೆ ಚಾನೆಲ್ಲು, ಇದು ಈಗ ನಮ್ಮ ರೂಮಿನ ನಿಯಮ. ಮತ್ತೆ, ರೆಕಾರ್ಡ್ ಒತ್ತೋ ಮುಂಚೆ ಒಬ್ಬರು ಮೋಡ್ ಯಾವುದರಲ್ಲಿದೆ ಅಂತ ಜೋರಾಗಿ ಓದಬೇಕು. ನಗಬೇಡಿ, ಕೆಲಸ ಮಾಡ್ತದೆ.

ಲೆಸ್ ಪಾಲ್ ಅವರ ಕೊನೆಯ ವರ್ಷಗಳ ಕಥೆ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು. 1980ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಸಂಧಿವಾತದಿಂದ ಬೆರಳುಗಳು ಒಂದೊಂದಾಗಿ ಸೆಟೆದುಕೊಳ್ಳೋಕೆ ಶುರುವಾದವು. ಆಗ ಅವರು ಮಾಡಿದ್ದು, 1984ರಿಂದ ನ್ಯೂಯಾರ್ಕಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ರಾತ್ರಿ ನುಡಿಸೋಕೆ ಕೂತದ್ದು. ಮೊದಲು ಫ್ಯಾಟ್ ಟ್ಯೂಸ್‌ಡೇಸ್, ಅದು ಮುಚ್ಚಿದ ಮೇಲೆ ಇರಿಡಿಯಂ. ಬಗ್ಗೋ ಬೆರಳು ಕಡಿಮೆಯಾದ ಹಾಗೆ ಉಳಿದವುಗಳಿಗೆ ತಕ್ಕ ಹಾಗೆ ಹಾಡನ್ನ ಮತ್ತೆ ಹೊಂದಿಸಿಕೊಳ್ತಿದ್ದರು. ಜಗತ್ತಿಗೆ ಪದರ ಪೇರಿಸೋದು ಕಲಿಸಿದ ಮನುಷ್ಯ ಕೊನೆಗೆ ನೇರವಾಗಿ, ಒಂದೇ ಟೇಕಿನಲ್ಲಿ, ತಪ್ಪಿದರೆ ತಪ್ಪಿದ ಹಾಗೇ ಬಿಟ್ಟು, ಜನರ ಮುಂದೆ ನಗುತ್ತಾ ನುಡಿಸಿದರು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಹೆಸರು ಸೇರಿತು. ತೊಂಬತ್ತು ದಾಟಿದ ಮೇಲೂ ಸೋಮವಾರ ತಪ್ಪಿಸಲಿಲ್ಲ. 2009ರ ಆಗಸ್ಟ್‌ನಲ್ಲಿ, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಹುಟ್ಟಿದ ವಾಕೆಶಾದಲ್ಲೇ ಮಣ್ಣು ಮಾಡಿದರು.

ನಮ್ಮ ಕೊಳಲನ್ನ ಮಾರನೇ ರಾತ್ರಿ ಮತ್ತೆ ನುಡಿಸಿದೆವು. ಹಳೆಯದರ ಹಾಗೆ ಬರಲಿಲ್ಲ. ಕಳೆದುಹೋದದ್ದರಲ್ಲಿ ಮೂರನೇ ಸಾಲಿನ ಜಾರು ಚೆನ್ನಾಗಿತ್ತು ಅಂತ ಈಗಲೂ ಒಬ್ಬ ಹೇಳ್ತಾನೆ, ಅದನ್ನ ಕೇಳಿ ಪರೀಕ್ಷಿಸೋಕೆ ಯಾರ ಹತ್ತಿರವೂ ಫೈಲ್ ಇಲ್ಲ. ಹೊಸದನ್ನ ಆರು ಟೇಕ್ ಮಾಡಿ, ಆರನ್ನೂ ಬೇರೆ ಬೇರೆ ಇಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಎರಡನೆಯದನ್ನ ಆರಿಸಿದೆವು. ಉಳಿದ ಐದು ಇನ್ನೂ ಆ ಪ್ರಾಜೆಕ್ಟಿನಲ್ಲಿ ಮ್ಯೂಟ್ ಆಗಿ ಮಲಗಿವೆ.